ಎದೆಯ ಮೇಲಿನ ಖಾಲಿ ಪಿನ್ನು
ಕೋಣನಕುಂಟೆಯ ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ ನಿವೃತ್ತ ಹವಾಲ್ದಾರ್ ಚನ್ನಿಗಪ್ಪ ತಾತ, ಹಾಲಿನವನ ಹತ್ತಿರವೂ ಮೊದಲು ತಮ್ಮ ಸೈನ್ಯದ ನಂಬರು ಹೇಳಿ ಆಮೇಲೆ ಹೆಸರು ಹೇಳುವವರು. ತಿಂಗಳಿಗೊಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಕೋಟು ತೊಟ್ಟು ಇಳಿದು ಬರುತ್ತಾರೆ. ಸೈನ್ಯದಿಂದ ತಮಗೆ ಬರಬೇಕಾದ ಪದಕ ಬಂದ ದಿನ ತಡವಾಗಬಾರದೆಂದು ಎದೆಯ ಮೇಲೆ ಈಗಲೇ ಚುಚ್ಚಿಟ್ಟ ಖಾಲಿ ಪಿನ್ನು. "ಪಾಪುನ ನಾನು ತೂಗ್ತೀನಿ, ನೀನು ಪದಕದ ಅರ್ಜಿ ಟೈಪ್ ಮಾಡಮ್ಮ." ತೊಟ್ಟಿಲು ತೂಗುತ್ತಲೇ ಬರೆಸುತ್ತಾರೆ: ಹಿಮದ ಠಾಣೆ, ಬೇರೆ ಪಲ್ಟನ್ನಿನಲ್ಲಿ ಮೂರು ತಿಂಗಳ ಎರವಲು ಸೇವೆ, ಅದನ್ನು ದಾಖಲೆಗೆ ಸೇರಿಸಲು ಮರೆತ ಗುಮಾಸ್ತ. ಆ ಹಿಮವೆಲ್ಲ ನಮ್ಮ ಕೋಣೆಯೊಳಗೆ ಸದ್ದಿಲ್ಲದೆ ಬೀಳುತ್ತದೆ. ಮಗಳು ಸಮನ್ವಿತಾ ಅವರ ನಂಬರನ್ನೇ ಜೋಗುಳವೆಂದುಕೊಂಡು ನಿದ್ದೆ ಹೋಗುತ್ತಾಳೆ. ಟೈಪ್ ಮಾಡಿದ್ದನ್ನು ನಾನು ಓದಿ ಹೇಳುವಾಗ ತಾತ ಎದ್ದು ಅಟೆನ್ಷನ್ನಿನಲ್ಲಿ ನಿಲ್ಲುತ್ತಾರೆ, ಬರಿಗಾಲಲ್ಲಿ. ಇವತ್ತು ಮಾತ್ರ ಕೇಳಿಬಿಟ್ಟೆ, "ಈ ವಯಸ್ಸಲ್ಲಿ ಪದಕ ಯಾಕೆ ತಾತ?" ತೊಟ್ಟಿಲು ನಿಂತಿತು. "ಆ ಠಾಣೇಲಿ ಜೊತೆಗಿದ್ದ ಭೀಮಪ್ಪ ನನ್ನ ತೊಡೆ ಮೇಲೇ ಜೀವ ಬಿಟ್ಟ ಕಣಮ್ಮ. ನಾನು ಅಲ್ಲಿರ್ಲೇ ಇಲ್ಲ ಅಂತ ದಾಖಲೆ ಹೇಳಿದ್ರೆ, ಅವನು ಒಬ್ಬನೇ ಸತ್ತ ಹಾಗಾಗುತ್ತಲ್ವಾ?" ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು, "ಭೀಮಪ್ಪನವರ ವಿವರ ಹೇಳಿ ತಾತ, ಅದನ್ನೂ ಸೇರಿಸ್ತೀನಿ" ಎಂದೆ. ಒಂದಿಷ್ಟೂ ತಡವರಿಸದೆ ಹೇಳಿದರು, ಮೊದಲು ನಂಬರು, ಆಮೇಲೆ ಹೆಸರು.