ಭಾಗ್ಯಾ ಅಳಿಸಿದ ವೇಳೆ

ಉಣಕಲ್ಲಿನ ಭಾಗ್ಯಾ ಯಾರನ್ನೂ ನಂಬುವವಳಲ್ಲ. ಬಸ್ಸಿನ ಫಲಕ ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತಾಳೆ, ಆಮೇಲೆ ಪಕ್ಕದ ಸೀಟಿನವರನ್ನೂ. ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತ, ಮೊಬೈಲಿನ ವಿಡಿಯೋ ನೋಡಿ ಡೇಟಾಬೇಸಿನ ಕೆಲಸ ಕಲಿತವಳು. ಗುರುವಿಲ್ಲದೆ ಕಲಿತವರಿಗೆ ಅಷ್ಟು ಅನುಮಾನ ಇರಬೇಕಾದದ್ದೇ. ಆದರೆ ಪರದೆಯ ಮೇಲೆ ಬಂದ ಉತ್ತರವನ್ನು ಮಾತ್ರ ಅವಳು ಎರಡನೇ ಸಲ ಕೇಳುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಅವಳ ಕಚೇರಿ. ಧಾರವಾಡದ ಕೋಚಿಂಗ್ ಹಾಸ್ಟೆಲ್ಲುಗಳಿಗೆ ಅಡುಗೆಯವರನ್ನು ಒದಗಿಸುವ ಗುತ್ತಿಗೆ ಸಂಸ್ಥೆ ಅದು. ಒಂದು ಹಾಸ್ಟೆಲ್ಲಿನ ಅಡುಗೆಮನೆ ಬಾಗಿಲಿಗೆ ಹೆಬ್ಬೆರಳು ಒತ್ತುವ ಯಂತ್ರ ಬಂದು ಎರಡು ತಿಂಗಳಾಗಿತ್ತು. ಕೆಲಸಕ್ಕೆ ಬಂದವರು ಒಮ್ಮೆ ಒತ್ತಿದರೆ ದಿನಾಂಕ, ವೇಳೆ ಎರಡೂ ಡೇಟಾಬೇಸಿಗೆ ಹೋಗುತ್ತವೆ. ಭಾಗ್ಯಾ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆದು ಹಾಜರಿಯ ವರದಿ ತೆಗೆಯುತ್ತಾಳೆ. ಮೊದಲ ವರದಿ ನೋಡಿದ ದಿನ ಮ್ಯಾನೇಜರ್ ಶಿವಯೋಗೀಶ ಮುಖ ಗಂಟಿಕ್ಕಿದ್ದ.

"ಇದೇನ್ರಿ, ತಾಸು, ನಿಮಿಷ, ಸೆಕೆಂಡು? ಪಂಚಾಂಗ ಕೇಳೇನೇನ ನಾ? ದಿನಾಂಕ ಅಷ್ಟ ಸಾಕು. ರವಿವಾರ ರೊಟ್ಟಿಯವರಿಗೆ ರಜಾ, ಅದನ್ನೂ ತಗೀರಿ."

ದಿನ, ತಿಂಗಳು, ವರ್ಷ ಮಾತ್ರ ಉಳಿಯುವಂತೆ ಭಾಗ್ಯಾ ಕ್ವೆರಿ ತಿದ್ದಿದಳು. ಹಾಳೆ ಚಂದ ಕಂಡಿತು. ಆ ಚಂದದ ಹಾಳೆಯಲ್ಲಿ ರೊಟ್ಟಿ ಬಡಿಯುವ ಮುತ್ತವ್ವ ಎಂಟೂ ಶನಿವಾರ ಗೈರುಹಾಜರು.

"ಶನಿವಾರ ಮದಿವಿ ಮನಿ ಅಡಗಿಗೆ ಹೊಂಟಾಳ," ಎಂದ ಶಿವಯೋಗೀಶ. "ಇನ್ನೊಂದ ಶನಿವಾರ ತಪ್ಪಿದ್ರ ಕೆಲಸ ಇಲ್ಲಂತ ಹೇಳ್ರಿ."

ಭಾಗ್ಯಾ ಫೋನು ಮಾಡಿ ಹೇಳಿದಳು. ಆ ಕಡೆ ಮುತ್ತವ್ವ ಅಳಲಿಲ್ಲ.

"ಬಾಯಾರ, ನಾ ಇರಲಿಲ್ಲಂದ್ರ ನನ್ನ ಪಾಲಿನ ನೂರೈವತ್ತ ರೊಟ್ಟಿ ನಿಮ್ಮ ಮಷಿನ್ ಬಡೀತೇನ್ರಿ?"

"ಉಳದವರು ಬಡದಿರಬೇಕು."

"ಅವರನ್ನ ಕೇಳ್ರಿ ಹಂಗಾರ."

"ಅವರು ನಿಮ್ಮ ಗೆಳತ್ಯಾರು. ಬಂದಿದ್ಲು ಅಂತನ ಅಂತಾರ."

"ನೀವ ಬಂದು ನೋಡ್ರಿ. ಕಣ್ಣರ ನಿಮ್ಮವ ಅದಾವಲ್ಲ?"

ಒಂದೇ ಒಲೆಯ ಮುಂದೆ ಬೆಂದ ಮೂವರು ಹೆಂಗಸರ ಮಾತು ಸಾಕ್ಷಿಯಲ್ಲ. ಇಪ್ಪತ್ತು ಕಿಲೋಮೀಟರು ದೂರದಲ್ಲಿ ಮುದ್ರಿಸಿದ ಹಾಳೆ ಸಾಕ್ಷಿ. ಬಡವರ ಬಾಯಿಗಿಂತ ಕಾಗದವೇ ಸತ್ಯವೆಂದು ತೀರ್ಮಾನಿಸಿದವರು ಯಾರು? ಆ ಕಾಗದವನ್ನೂ ಒಬ್ಬರು ಬರೆದಿರುತ್ತಾರಲ್ಲ, ಅವರನ್ನು ಯಾರೂ ಕೇಳುವುದಿಲ್ಲ.

ಒಂಬತ್ತನೆಯ ಶನಿವಾರ ಭಾಗ್ಯಾ ಅಣ್ಣನ ಬೈಕಿನಲ್ಲಿ ಹೋಗಿ ಬೆಳಗಿನ ಐದಕ್ಕೆ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಐದು ಹತ್ತಕ್ಕೆ ಮುತ್ತವ್ವ ಬಂದಳು. ಬೆರಳು ಒತ್ತಿದಳು, ಹಸಿರು ದೀಪ ಹತ್ತಿತು. ಒಳಗೆ ಹೋಗಿ ಒಲೆ ಹಚ್ಚಿ ಎಸರಿಟ್ಟಳು. ಉಳಿದ ಮೂವರು ಬಂದದ್ದು ಐದೂಮುಕ್ಕಾಲಿಗೆ.

'ಹೆದರಿಸಿದ್ದಕ್ಕ ಇವತ್ತ ಬಂದಾಳ' ಎಂದುಕೊಳ್ಳುತ್ತಲೇ ಭಾಗ್ಯಾ ಹುಬ್ಬಳ್ಳಿಗೆ ಮರಳಿ ವರದಿ ತೆಗೆದಳು. ಶನಿವಾರ: ಮುತ್ತವ್ವ, ಗೈರುಹಾಜರು.

ಅವಳು ಇನ್ನೊಮ್ಮೆ ವರದಿ ತೆಗೆದಳು, ಅದೇ ಉತ್ತರ. ತಾನು ಅಳಿಸಿದ್ದ ವೇಳೆಯನ್ನು ಕ್ವೆರಿಗೆ ಮರಳಿ ಸೇರಿಸಿದಳು. ಆಗ ಮುತ್ತವ್ವನ ಹೆಸರಿನ ಮುಂದೆ ಬಂತು: ಶುಕ್ರವಾರ, ರಾತ್ರಿ ಹನ್ನೊಂದು ನಲವತ್ತು.

ಡೇಟಾಬೇಸು ಲೆಕ್ಕ ಹಿಡಿಯುತ್ತಿದ್ದದ್ದು ಗ್ರೀನಿಚ್ ವೇಳೆಯಲ್ಲಿ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಅಂದರೆ ಬೆಳಗಿನ ಐದೂವರೆಯೊಳಗೆ ಬಂದವರ ಹಾಜರಿ ಹಿಂದಿನ ದಿನಕ್ಕೆ ಬೀಳುತ್ತಿತ್ತು. ಸೋಮವಾರದ್ದು ರವಿವಾರಕ್ಕೆ ಬಿದ್ದು ರಜೆಯೊಂದಿಗೆ ಕತ್ತರಿಸಿ ಹೋಗುತ್ತಿತ್ತು, ಮಂಗಳವಾರದ್ದು ಸೋಮವಾರವನ್ನು ತುಂಬುತ್ತಿತ್ತು. ಶನಿವಾರದ್ದು ಶುಕ್ರವಾರಕ್ಕೆ ಹೋದ ಮೇಲೆ ಶನಿವಾರವನ್ನು ತುಂಬಲು ಏನೂ ಉಳಿಯುತ್ತಿರಲಿಲ್ಲ. ಐದೂಮುಕ್ಕಾಲಿಗೆ ಬಂದವರಿಗೆ ಯಾವ ತೊಂದರೆಯೂ ಇಲ್ಲ. ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚಿದವಳು ಕಳ್ಳಿ.

ಮೊದಲು ಐದೂವರೆ ತಾಸು ಕೂಡಿಸಿ, ಆಮೇಲೆ ದಿನಾಂಕ ತೆಗೆಯುವಂತೆ ಭಾಗ್ಯಾ ಕ್ವೆರಿ ಬದಲಿಸಿದಳು. ಒಂಬತ್ತೂ ಶನಿವಾರ ತುಂಬಿದವು. ಹಾಳೆ ಹಿಡಿದು ಶಿವಯೋಗೀಶನ ಮುಂದೆ ನಿಂತಳು.

"ತಿದ್ದೀರಿಲ್ಲೊ? ಮುಗೀತು. ಮುತ್ತವ್ವಗ ಈ ಸಲ ಬಿಟ್ಟೇವಿ ಅಂತ ಹೇಳಿಬಿಡ್ರಿ."

"ಬಿಡಾಕ ಆಕಿ ಏನ ಮಾಡ್ಯಾಳ್ರಿ?"

"ಮಷಿನ್ ತಪ್ಪು ಅನ್ರಿ."

"ಮಷಿನ್ ಬರೋಬ್ಬರಿ ಬರದೈತ್ರಿ ಸಾಹೇಬ್ರ. ವೇಳೆ ಅಳಿಸಿದಾಕಿ ನಾನು. ಅಳಸ್ರಿ ಅಂದವರು ನೀವು."

ಅವನು ಫೋನು ಕೈಗೆತ್ತಿಕೊಂಡು ಬೇರೆ ಯಾರೊಂದಿಗೋ ಮಾತಿಗೆ ತೊಡಗಿದ.

ಸೋಮವಾರ ಭಾಗ್ಯಾ ಅಡುಗೆಮನೆಗೆ ಹೋಗಿ ನಾಲ್ವರ ಮುಂದೆಯೂ ಹೇಳಿದಳು: ತಪ್ಪು ತನ್ನದು, ಮುತ್ತವ್ವ ಒಂದು ದಿನವೂ ತಪ್ಪಿಸಿಲ್ಲ. ಮುತ್ತವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಬರದು ಕೊಡ್ರಿ."

"ಏನಂತರಿ?"

"ಶನಿವಾರ ಶನಿವಾರ ನಾ ಬಂದಿದ್ದೆ ಅಂತ. ನಾಳೆ ನಿಮ್ಮ ಹಾಳಿ ಮತ್ತ ಬ್ಯಾರೆ ಮಾತಾಡಿದ್ರ ನಾ ಏನ ತೋರಸ್ಲಿ?"

ಭಾಗ್ಯಾ ಅಲ್ಲೇ ಕುಳಿತು ಒಂಬತ್ತೂ ಶನಿವಾರದ ದಿನಾಂಕ, ಬಂದ ವೇಳೆ ಬರೆದು ಸಹಿ ಮಾಡಿದಳು. ಮುತ್ತವ್ವನಿಗೆ ಓದಲು ಬಾರದು. ಕೈಯ ಹಿಟ್ಟು ಒರೆಸಿಕೊಂಡು, ಕಾಗದವನ್ನು ಗೇಟಿನ ಕಾವಲುಗಾರ ಹನುಮಪ್ಪನ ಕಡೆ ಒಯ್ದಳು. ಭಾಗ್ಯಾ ಹಿಂದೆಯೇ ನಿಂತಿದ್ದಳು.

"ಓದಪಾ. ಬಾಯಾರ ಮಾರಿ ನೋಡಬ್ಯಾಡ, ಇದ್ದಂಗ ಓದು."

ಹನುಮಪ್ಪ ಒಂದೊಂದಾಗಿ ಓದಿದ. ಅವಳು ಬೆರಳು ಮಡಿಚುತ್ತ ಹೋದಳು. ಐದು ಹತ್ತು, ಐದು ಹತ್ತು, ಐದು ಎಂಟು. ಆರನೆಯದಕ್ಕೆ ಅವನು ಐದು ಇಪ್ಪತ್ತನಾಲ್ಕು ಎಂದಾಗ ಅವಳ ಬೆರಳು ನಿಂತಿತು.

"ತಡಿ," ಎಂದು ಮಡಿಚಿದ ಬೆರಳುಗಳನ್ನು ಮತ್ತೊಮ್ಮೆ ಎಣಿಸಿದಳು. "ಹೌದು. ಅವತ್ತ ಮಳಿ ಹಿಡದಿತ್ತು. ಮುಂದ ಓದು."