ಭಾವನ ಎದುರು ತೇಲುವುದು

ನಾನು ಆಧುನಿಕ ಮನುಷ್ಯ ಎಂಬ ಭ್ರಮೆ ನನಗೆ ಬಹಳ ವರ್ಷ ಇತ್ತು. ಅದು ಕಳೆದದ್ದು ಜೋರ್ಡಾನಿನ ಮೃತ ಸಮುದ್ರದ ದಡದಲ್ಲಿ, ನನ್ನ ತಮ್ಮನ ಹೆಂಡತಿ ಶರಣಮ್ಮ ನೀರಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಹೆಣಗುತ್ತಿದ್ದಾಗ.

ಸಮುದ್ರವೆನ್ನುವುದು ಹೆಸರಿಗೆ, ಅದೊಂದು ಉಪ್ಪಿನ ಸರೋವರ. ಸುಮ್ಮನೆ ಹಿಂದಕ್ಕೆ ಒರಗಿದರೆ ಸಾಕು, ನೀರೇ ಕಾಲೆತ್ತಿ ಮಲಗಿಸುತ್ತದೆ. ಶರಣಮ್ಮನ ಮೊಣಕಾಲು ಸವೆದಿವೆ, ಆಪರೇಷನ್ ಎಂದರೆ ಅವಳಿಗೆ ಪ್ರಾಣಭಯ. ಈ ನೀರಿನಿಂದ ನೋವಾದರೂ ಇಳಿದೀತೆಂದು, ಅಲ್ಲಿ ನರ್ಸ್ ಆಗಿರುವ ಮಗಳು ಗಿರಿಜಾ ಅಪ್ಪ ಅವ್ವನನ್ನು ಕರೆಸಿಕೊಂಡಿದ್ದಳು. ಇಂಗ್ಲಿಷ್ ಬಲ್ಲವನೆಂಬ ಜಂಬದಲ್ಲಿ ನಾನೂ ಹೊರಟೆ. ಶಹಾಪುರದ ಹೈಸ್ಕೂಲಿನಲ್ಲಿ ಕಲಿಸಿದ ನನ್ನ ಇಂಗ್ಲಿಷು ವಿಮಾನ ನಿಲ್ದಾಣದಲ್ಲೇ ಮುಗಿದುಹೋಯಿತು.

ಮೊದಲು ಅವಳ ಕಾಲಿಗೆ ಆ ದಡದ ಕರಿ ಕೆಸರು ಬಳಿದರು, ನೋವಿಗೆ ಅದೂ ಮದ್ದಂತೆ. "ನಮ್ಮ ಗದ್ದಿ ಕೆಸರೇ ಬಿಡವಾ ಇದು," ಎಂದಳು ಶರಣಮ್ಮ ಮಗಳಿಗೆ. "ನಾಟಿ ಹಚ್ಚಿ ಹಚ್ಚಿ ಇದ್ರಾಗೇ ಮೊಣಕಾಲು ಹೋಗ್ಯಾವ." ಆಮೇಲೆ ಮಗಳ ಕೈ ಹಿಡಿದು ನೀರಿಗಿಳಿದಳು; ತಮ್ಮ ಹೋಟೆಲಿನ ಕೋಣೆಯಲ್ಲೇ ಮಲಗಿದ್ದ, ದಡದ ಕುರ್ಚಿಯಲ್ಲಿ ನಾನೊಬ್ಬನೇ. ನೀರು ಕಾಲನ್ನು ಮೇಲೆತ್ತುವುದು, ಅವಳು ಕೆಳಕ್ಕೊತ್ತುವುದು, ಇದೇ ನಡೆಯಿತು.

"ಕಾಲು ಬಿಡವ್ವಾ, ಮುಳುಗಂಗಿಲ್ಲ," ಎಂದಳು ಗಿರಿಜಾ.

"ಭಾವನೋರು ಅಲ್ಲೇ ಕುಂತಾರ. ಹ್ಯಾಂಗ ಚಾಚಲಿ?"

ಪಿಸುಮಾತೇ, ಆದರೆ ನೀರಿನ ಮೇಲೆ ಮಾತು ಬೇಗ ದಡ ಸೇರುತ್ತದೆ. ಗಂಡನ ಅಣ್ಣನ ಎದುರು ಸೊಸೆಯಾದವಳು ಕಾಲು ಚಾಚಬಾರದೆಂಬುದು ನಮ್ಮ ಮನೆಯ ರಿವಾಜು. ಶಹಾಪುರದಲ್ಲಿ ಗುಡ್ಡವೇ ಮಲಗಿದ ಬುದ್ಧನ ಆಕಾರದಲ್ಲಿ ಉದ್ದಕ್ಕೆ ಕಾಲು ಚಾಚಿದೆ, ಜನ ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆ ಗುಡ್ಡದ ಬುಡದಲ್ಲೇ ನಾನು ಮಕ್ಕಳಿಗೆ ಸಮಾನತೆಯ ಪಾಠ ಹೇಳಿದ್ದು. ಸಂಜೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತರೆ, ಗದ್ದೆಯಿಂದ ದಣಿದು ಬಂದ ಶರಣಮ್ಮ ತಟ್ಟನೆ ಕಾಲು ಮಡಚಿಕೊಳ್ಳುತ್ತಿದ್ದಳು. ಎಷ್ಟು ಸಂಸ್ಕಾರವಂತೆ ಎಂದು ಮೆಚ್ಚಿ, ನಾನು ತಾಸುಗಟ್ಟಲೆ ಪೇಪರ್ ಓದುತ್ತಿದ್ದೆ. ಮೂವತ್ತು ವರ್ಷದ ಆ ತಾಸುಗಳೂ ಅವಳ ಮೊಣಕಾಲಿನಲ್ಲಿರಬೇಕು ಎಂದು ಈಗ ಹೊಳೆದು ನನಗೆ ನಾಚಿಕೆಯಾಯಿತು.

ಎದ್ದು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿದೆ. ಸಮುದ್ರ ನೋಡಲು ಅಷ್ಟು ದೂರ ಹೋದವನು ಹೋಟೆಲಿನ ಗೋಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಯಾರೋ ಗಟ್ಟಿಯಾಗಿ ನಕ್ಕರು. ಶರಣಮ್ಮನ ನಗು ಹೀಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನವೂ ಕುರ್ಚಿ ತಿರುಗಿಸಹೋದೆ. "ಇರ್ಲಿ ಬಿಡ್ರಿ ಭಾವನೋರ," ಎಂದಳು ನೀರಿನಿಂದಲೇ. "ನೀವೂ ಸಮುದ್ರ ನೋಡ್ರಿ."

ನಾನು ಕುರ್ಚಿಯಲ್ಲಿ ಒರಗಿ ಆರಾಮಾಗಿ ಕಾಲು ಚಾಚಿದೆ. ಅವಳೂ ಹಿಂದಕ್ಕೆ ಒರಗಿದಳು. ನೀರು ಅವಳ ಪಾದಗಳೆರಡನ್ನೂ ಎತ್ತಿ ನನ್ನ ಕಡೆಗೆ ಹಿಡಿಯಿತು. ಒಂದೇ ಮನೆಯಲ್ಲಿದ್ದೂ ಆ ಅಂಗಾಲುಗಳನ್ನು ನಾನು ಕಂಡವನಲ್ಲ. ಹಿಮ್ಮಡಿಯ ತುಂಬ ಬಿರುಕು.

"ಉಪ್ಪಿಗಿ ಉರಿಯಾಕತ್ತಾವೇನವ್ವಾ?" ಎಂದು ಗಿರಿಜಾ ಕೇಳಿದಳು.

"ಉರೀಲಿ. ಇನ್ನೊಂದೀಟು ಹೊತ್ತು ಹಿಂಗೇ ಇರ್ತೀನಿ."

ನಾನು ನನ್ನ ಕಾಲುಗಳನ್ನು ಮೆಲ್ಲಗೆ ಮಡಚಿಕೊಂಡೆ.