ಯಾಡಿ ಹೊಲಿದ ಸೆರಗು

ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪನ ಮಗ್ಗವಿದ್ದ ಕೋಣೆಯಲ್ಲೇ ಈಗ ನನ್ನ ಹೊಲಿಗೆ ಯಂತ್ರವಿದೆ. ಕೈಮಗ್ಗದ ಸೀರೆಗೆ ಕತ್ತರಿ ಹಾಕಿ ಜಾಕೀಟು, ಕುರ್ತಾ ಹೊಲಿಯುವುದು ನನ್ನ ಕೆಲಸ. ಮೊದಲ ಸಲ ಕತ್ತರಿ ಹಿಡಿದಾಗ ಅವ್ವ, "ನಿಮ್ಮಪ್ಪ ನೇಯ್ದ ಅರಬಿ ಅದು. ಕೈಯರ ಹೆಂಗ ಬರ್ತೈತಿ ನಿನಗ?" ಎಂದು ನನ್ನ ಜೊತೆ ಮಾತೇ ಬಿಟ್ಟಿದ್ದಳು. ಉಡುವವರಿಲ್ಲದ ಸೀರೆಯನ್ನು ಟ್ರಂಕಿನಲ್ಲಿಟ್ಟು ನುಸಿಗುಳಿಗೆ ಹಾಕುವುದಕ್ಕಿಂತ ಕತ್ತರಿಸಿ ತೊಡುವುದು ಮೇಲು ಎಂಬುದು ನನ್ನ ವಾದ. ವಾದವನ್ನು ಇನ್ನೂ ಬಿಟ್ಟಿಲ್ಲ. ಮೊದಲಿನ ಜೋರು ಮಾತ್ರ ಉಳಿದಿಲ್ಲ.

ನನ್ನ ಜಾಕೀಟುಗಳಿಗೆ ಕನ್ನಡಿ ಕೂಡಿಸಿ ಕಸೂತಿ ಹಾಕುವವಳು ಬಾದಾಮಿ ಕಡೆಯ ಲಂಬಾಣಿ ತಾಂಡಾದ ಮುದುಕಿ. ತಾಂಡಾದವರು ಅವಳನ್ನು ಯಾಡಿ, ಅಂದರೆ ತಾಯಿ, ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಇವತ್ತಿಗೂ ಕನ್ನಡಿಯ ಕುಪ್ಪಸ, ಮೊಣಕೈ ದಾಟುವ ಬಳೆ, ತಲೆಯ ಮೇಲೆ ಓಢಣಿ ಇಲ್ಲದೆ ಅವಳು ಹೊರಗೆ ಬರುವುದಿಲ್ಲ. "ನಿಮ್ಮ ಸೀರಿ ಛಲೋ ಐತಿ ತಂಗಿ, ಆದ್ರ ಉಪ್ಪ ಹಾಕೂದು ಮರತಾರ" ಎಂದು ನನ್ನನ್ನು ಚುಡಾಯಿಸುತ್ತಾಳೆ. ಉಪ್ಪು ಎಂದರೆ ಅವಳ ಕನ್ನಡಿ ಚೂರುಗಳು.

ಅವಳ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಯಾಡಿಯ ಮದುವೆಗೆ ಅವಳ ತಾಯಿ ಓಢಣಿ ಹೊಲಿದಿದ್ದಳಂತೆ. ಮೊಮ್ಮಗಳ ತಲೆಯ ಮೇಲೆ ತಾನು ಹೊಲಿದದ್ದು ಇರಬೇಕು ಎಂಬುದೊಂದೇ ಅವಳ ಆಸೆ. ಬಾಗಲಕೋಟೆಯಲ್ಲಿ ಕಾಲೇಜು ಓದುವ ಹುಡುಗಿ ಒಪ್ಪಲಿಲ್ಲ. ಅಜ್ಜಿಗೆ ನೇರ ಹೇಳದೆ ನನ್ನ ಬಳಿ ಬಂದು, "ಓಢಣಿ ಹೊತಗೊಂಡು ಕುಂತ್ರ ಗೆಳತ್ಯಾರು ನಗ್ತಾರ್ರಿ ಅಕ್ಕಾರ. ನೀವು ಹೊಲಿಯೂ ಅಂಥಾ ಜಾಕೀಟ ಆದ್ರ ಹಾಕ್ಕೋತೇನಿ" ಎಂದಳು.

ನನಗಂತೂ ಖುಷಿಯೋ ಖುಷಿ. ಕೆಂಪು ರೇಷ್ಮೆಯ ಇಳಕಲ್ ಸೆರಗು, ಯಾಡಿಯ ಸೂಜಿ, ನನ್ನ ಕತ್ತರಿ. ಅಜ್ಜಿಯೂ ಖುಷಿ, ಮೊಮ್ಮಗಳೂ ಖುಷಿ ಎಂದುಕೊಂಡು ಸೆರಗಿನ ತುಂಡನ್ನು ಹುಡುಗಿಯ ಕೈಯಲ್ಲೇ ಕಳಿಸಿದೆ. ಅವಳು ಅಜ್ಜಿಗೆ ಹೇಳಿದ್ದಿಷ್ಟೇ: "ಮದುವ್ಯಾಗ ಹಾಕ್ಕೊಳ್ಳಾಕ ಇದರ ಮ್ಯಾಲ ಹೊಲಿ." ಜಾಕೀಟಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದರಲ್ಲಿ ಬಿಡಿಸಿ ಹೇಳುವಂಥದ್ದೇನಿದೆ ಎಂದು ಇಬ್ಬರಿಗೂ ಅನಿಸಿರಬೇಕು.

ಸೆರಗು ತಿರುಗಿ ಬಂದಾಗ ಒಂದು ಅಂಚಿನ ನಟ್ಟನಡುವೆ ಮಾತ್ರ ಕವಡೆ, ಕನ್ನಡಿ ಒತ್ತೊತ್ತಾಗಿ ಕೂಡಿಸಿದ ಪಟ್ಟಿಯಿತ್ತು. ಉಳಿದೆಡೆ ಅಲ್ಲೊಂದು ಇಲ್ಲೊಂದು ಹೂವು. ಪಾಪ, ಕಣ್ಣು ಮಂಜಾಗಿ ಅಷ್ಟಕ್ಕೇ ಬಿಟ್ಟಿದ್ದಾಳೆ ಎಂದುಕೊಂಡೆ. ಆ ಪಟ್ಟಿ ಕತ್ತಿನ ಹಿಂದೆ ಬರುವಂತೆ ಕತ್ತರಿಸಿದೆ. ಅಷ್ಟು ಚೆಂದದ ಜಾಕೀಟು ನನ್ನ ಕೈಯಿಂದ ಅದುವರೆಗೆ ಆಗಿರಲಿಲ್ಲ.

ಮದುವೆ ತಾಂಡಾದಲ್ಲೇ ಆಯಿತು. ಹೊಲಿದಾದ ಜಾಕೀಟನ್ನು ಯಾಡಿ ಅಲ್ಲಿಯವರೆಗೆ ನೋಡಿರಲಿಲ್ಲ. ಯಾಡಿ ಮೊಮ್ಮಗಳ ಹಿಂದೆ ಬಂದು ನಿಂತು, ಕತ್ತಿನ ಹತ್ತಿರ ತನ್ನ ಪಟ್ಟಿ ಕಂಡು ನಕ್ಕಳು. ತಲೆಯ ಮೇಲಿಂದ ಜಾರಿದೆ ಎಂದುಕೊಂಡಿರಬೇಕು. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಹುಡುಗಿಯ ತಲೆಯ ಮೇಲೆ ಎಳೆದಳು. ಅದು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, "ಗಿಡ್ಡ ಆಗೇತಲ್ಲ ತಂಗಿ. ನನ್ನ ಅಳತಿ ತಪ್ಪಿತೇನ?" ಎಂದಳು.

ಆಗ ತಿಳಿಯಿತು. ಅದು ಹಣೆಯ ಮೇಲೆ ಬರಬೇಕಾದ ಪಟ್ಟಿ. ಕೈಗೆ ಸೆರಗು ಕೊಟ್ಟರೆ ಅವಳು ತಲೆಗಲ್ಲದೆ ಇನ್ನೆಲ್ಲಿಗೆ ಹೊಲಿದಾಳು?

"ನಿನ್ನ ಅಳತಿ ಬರೋಬ್ಬರಿ ಇತ್ತು ಯಾಡಿ. ನಾನ ಕತ್ತರಸೇನಿ. ತಲಿಗಿ ಅಂತ ನನಗ ತಿಳೀಲಿಲ್ಲ" ಎಂದೆ.

ಅವಳು ಸಿಟ್ಟಾಗಲಿಲ್ಲ. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ತನ್ನ ಮಾಸಿದ ಓಢಣಿಯ ತುದಿಯನ್ನು ಎಳೆದು ಮೊಮ್ಮಗಳ ತಲೆಯ ಮೇಲೆ ಹಾಕಿದಳು. ಫೋಟೋದವನು "ಅಮ್ಮಾ, ಸ್ವಲ್ಪ ಸರೀರಿ" ಎಂದ. ತುದಿಯನ್ನು ಹಿಂದಕ್ಕೆ ಎಳೆದುಕೊಂಡು ಸರಿದಳು.

ಹುನಗುಂದದ ಮೇಲೆ ಇಳಕಲ್ಲಿಗೆ ಬರುವ ಬಸ್ಸಿನಲ್ಲಿ ಕೂತು ಅವ್ವನನ್ನು ನೆನೆದೆ. ಹಿರಿಯರು ಮನೆಗೆ ಬಂದರೆ ಅವ್ವ ಇಂದಿಗೂ ಇಂಥದೇ ಕೆಂಪು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಹೊಳೆಯಲಿಲ್ಲ.

ಈಗ ಎಲ್ಲರೂ ಕೇಳುವುದು ಅದೇ ಜಾಕೀಟನ್ನು. ಪಟ್ಟದಕಲ್ಲು ನೋಡಲು ಬಂದವರು ಕೂಡ ವಿಚಾರಿಸಿಕೊಂಡು ಇಳಕಲ್ಲಿಗೆ ಬರುತ್ತಾರೆ, ಕತ್ತಿನ ಹಿಂದೆ ಕವಡೆ ಪಟ್ಟಿ ಬೇಕು ಎನ್ನುತ್ತಾರೆ. ಯಾಡಿಯೇ ಹೊಲಿದು ಕೊಡುತ್ತಾಳೆ. ಆದರೆ ಈಗ ಸೂಜಿಗೆ ದಾರ ಪೋಣಿಸುವ ಮೊದಲು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೇಳುತ್ತಾಳೆ:

"ಇದು ತಲಿಗೋ, ಬೆನ್ನಿಗೋ?"

"ಬೆನ್ನಿಗಿ, ಯಾಡಿ" ಎನ್ನುತ್ತೇನೆ. ಬೇರೆ ಉತ್ತರ ಕೊಡುವ ದಿನ ಇನ್ನೂ ಬಂದಿಲ್ಲ.